ವಿದ್ಯಾರ್ಥಿಯ ಕಿರ್ದಿ: ಲಂಡನ್ನಿನಲ್ಲಿ ಗಾಂಧೀಜಿಯ ಮೂರು ವರ್ಷಗಳು

ವ್ಯಾಪಾರಿಯಾದವನು ಸಂಜೆ ಅಂಗಡಿಯ ಬಾಗಿಲು ಹಾಕುವ ಮುನ್ನ ಕಿರ್ದಿ ಬರೆದು, ಜಮಾ-ಖರ್ಚು ತಾಳೆ ನೋಡಿ, ಶಿಲ್ಕು ತೆಗೆಯುತ್ತಾನೆ. ಒಂದು ರೂಪಾಯಿ ತಾಳೆಯಾಗದಿದ್ದರೂ ಆ ರಾತ್ರಿ ಅವನಿಗೆ ನೆಮ್ಮದಿಯ ನಿದ್ರೆ ಬಾರದು. ಅದೇ ವ್ಯಾಪಾರಿಯು ತನ್ನ ಮಗನನ್ನೋ ಮಗಳನ್ನೋ ದೂರದ ಊರಿನ ಕಾಲೇಜಿಗೆ ಕಳುಹಿಸಿದಾಗ ಹಣದ ಲೆಕ್ಕವನ್ನು ಕೇಳುತ್ತಾನೆಯೇ ಹೊರತು ಕಾಲದ ಲೆಕ್ಕವನ್ನು ಕೇಳುವುದಿಲ್ಲ. ಹಣಕ್ಕೆ ರಸೀದಿಯುಂಟು, ಕಾಲಕ್ಕೆ ರಸೀದಿಯಿಲ್ಲ. ಶಾಲೆಯಲ್ಲಿದ್ದಷ್ಟು ದಿನ ಗಂಟೆ ಬಾರಿಸುವವರಿದ್ದರು, ಮನೆಯಲ್ಲಿ ಎಬ್ಬಿಸುವವರಿದ್ದರು. ಕಾಲೇಜಿನ ವಿದ್ಯಾರ್ಥಿಗೆ ಜೀವನದಲ್ಲಿ ಮೊದಲ ಬಾರಿಗೆ, ಯಾರೂ ತಪಾಸಣೆ ಮಾಡದ ಒಂದು ದೊಡ್ಡ ಬಂಡವಾಳ ಕೈಗೆ ಬರುತ್ತದೆ. ಅದನ್ನು ಅವನು ಹೇಗೆ ತೊಡಗಿಸುತ್ತಾನೆ ಎಂಬುದರ ಮೇಲೆ ಮುಂದಿನ ಬಾಳು ನಿಂತಿರುತ್ತದೆ.

ಈ ವಿಷಯವಾಗಿ ಉಪದೇಶಗಳು ಬೇಕಾದಷ್ಟಿವೆ. ಉಪದೇಶಕ್ಕಿಂತ ಒಂದು ದೃಷ್ಟಾಂತವನ್ನು ಪರಿಶೀಲಿಸುವುದು ಹೆಚ್ಚು ಫಲದಾಯಕವೆಂದು ನನ್ನ ಭಾವನೆ. ಆದುದರಿಂದ 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಕಾನೂನು ಓದಿದ ಮೋಹನದಾಸ ಕರಮಚಂದ ಗಾಂಧಿ ಎಂಬ ವಿದ್ಯಾರ್ಥಿಯ ಮೂರು ವರ್ಷಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅವರು ಆಗ ಮಹಾತ್ಮರಾಗಿರಲಿಲ್ಲ. ಹತ್ತೊಂಬತ್ತು ತುಂಬುತ್ತಿದ್ದ, ಇಂಗ್ಲಿಷಿನಲ್ಲಿ ಮಾತನಾಡಲು ನಾಚುವ, ಓದಿನಲ್ಲಿ ಸಾಮಾನ್ಯನೆನಿಸಿದ ಒಬ್ಬ ತರುಣ. ಸಾಮಾನ್ಯನ ಉದಾಹರಣೆಯೇ ಸಾಮಾನ್ಯರಿಗೆ ಉಪಯೋಗಕ್ಕೆ ಬರುವುದು. 1925ರಿಂದ ತಾವೇ ಬರೆಯತೊಡಗಿದ ಆತ್ಮಕಥೆಯಲ್ಲಿ ಆ ದಿನಗಳ ವಿವರವನ್ನು ಅವರು ಏನನ್ನೂ ಮರೆಮಾಚದೆ ದಾಖಲಿಸಿದ್ದಾರೆ.

ಪೋರಬಂದರಿನಲ್ಲಿ 1869ರ ಅಕ್ಟೋಬರ್ 2ರಂದು ಜನಿಸಿದ ಅವರು 1887ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಮರುವರ್ಷ ಭಾವನಗರದ ಸಾಮಳದಾಸ ಕಾಲೇಜನ್ನು ಸೇರಿದರು. ಅಲ್ಲಿನ ಪಾಠಗಳು ಅವರಿಗೆ ಹಿಡಿಸಲಿಲ್ಲ, ಅರ್ಥವೂ ಆಗಲಿಲ್ಲ. ಒಂದು ಅವಧಿ ಮುಗಿಯುತ್ತಲೇ ಮನೆಗೆ ಮರಳಿದರು. ಕುಟುಂಬದ ಹಿತೈಷಿಗಳಾದ ಮಾವಜಿ ದವೆ ಎಂಬವರು ಹುಡುಗನನ್ನು ಬ್ಯಾರಿಸ್ಟರ್ ಓದಿಗೆ ವಿಲಾಯತಿಗೆ ಕಳುಹಿಸುವಂತೆ ಸಲಹೆಯಿತ್ತರು. ತಂದೆ 1885ರಲ್ಲಿಯೇ ತೀರಿಕೊಂಡಿದ್ದರು. ವೆಚ್ಚದ ಭಾರವೆಲ್ಲ ಅಣ್ಣನ ಹೆಗಲಿಗೆ ಬಿತ್ತು. ತಾಯಿ ಪುತಲೀಬಾಯಿಯವರ ಚಿಂತೆ ಬೇರೆ. ವಿಲಾಯತಿಗೆ ಹೋದವರು ಮಾಂಸ ತಿನ್ನುತ್ತಾರೆ, ಮದ್ಯ ಕುಡಿಯುತ್ತಾರೆ ಎಂದು ಅವರು ಕೇಳಿದ್ದರು.

ಇಲ್ಲಿ ನಮ್ಮ ಸಮಾಜದ ಚರಿತ್ರೆಗೆ ಸಂಬಂಧಿಸಿದ ಒಂದು ಪ್ರಸಂಗ ಬರುತ್ತದೆ. ಆ ತಾಯಿ ಸಲಹೆ ಕೇಳಿದ್ದು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳನ್ನು. ಪೂರ್ವಾಶ್ರಮದಲ್ಲಿ ಅವರೂ ಗಾಂಧಿ ಮನೆತನದಂತೆ ಮೋಢ ವಣಿಕ ಸಮುದಾಯಕ್ಕೆ ಸೇರಿದವರು. ಸ್ವಾಮಿಗಳು ಪ್ರಯಾಣವನ್ನು ನಿಷೇಧಿಸಲಿಲ್ಲ. ಹುಡುಗನಿಂದ ಮದ್ಯ, ಮಾಂಸ ಮತ್ತು ಪರಸ್ತ್ರೀ ಸಂಗವನ್ನು ಮುಟ್ಟುವುದಿಲ್ಲವೆಂಬ ಮೂರು ವ್ರತಗಳನ್ನು ತೆಗೆದುಕೊಂಡು, ಕಳುಹಿಸಬಹುದೆಂದು ತಾಯಿಗೆ ಧೈರ್ಯ ಹೇಳಿದರು. ಇದಕ್ಕೆ ತೀರ ವಿರುದ್ಧವಾಗಿ ಮುಂಬಯಿಯಲ್ಲಿ ಜಾತಿಯ ಹಿರಿಯರು ಸಭೆ ಕರೆದು, ಸಮುದ್ರ ದಾಟುವುದು ಧರ್ಮಬಾಹಿರವೆಂದು ಸಾರಿ, ಹುಡುಗ ಒಪ್ಪದಿದ್ದಾಗ ಬಹಿಷ್ಕಾರ ಹಾಕಿದರು. ಅವನಿಗೆ ನೆರವಾದವರಿಗೂ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ವಿಧಿಸಿದರು. ಬಹಿಷ್ಕಾರಕ್ಕೆ ಹೆದರಿ, ಹಣ ಇಟ್ಟುಕೊಂಡಿದ್ದ ಭಾವನೇ ಅದನ್ನು ಕೊಡಲು ನಿರಾಕರಿಸಿದಾಗ, ಕುಟುಂಬದ ಸ್ನೇಹಿತರೊಬ್ಬರಿಂದ ಸಾಲ ಪಡೆದು 1888ರ ಸೆಪ್ಟೆಂಬರ್ 4ರಂದು ಗಾಂಧಿ ಹಡಗು ಹತ್ತಿದರು.

ಹಿರಿಯರು ಇಬ್ಬರೂ ಹುಡುಗನ ಶೀಲದ ಬಗ್ಗೆಯೇ ಚಿಂತಿಸಿದರು. ಒಬ್ಬರು ಅವನನ್ನು ತಡೆದರು. ಇನ್ನೊಬ್ಬರು ಅವನ ಕೈಗೆ ವ್ರತವನ್ನು ಕೊಟ್ಟು ಅವನನ್ನೇ ನಂಬಿದರು. ತಡೆಯುವವರ ಅಧಿಕಾರ ಮುಂಬಯಿಯ ಬಂದರಿನಲ್ಲಿಯೇ ಮುಗಿಯಿತು. ವ್ರತವು ಅವನೊಡನೆ ಹಡಗು ಹತ್ತಿತು.

ಲಂಡನ್ನಿನಲ್ಲಿ 1888ರ ನವೆಂಬರ್ 6ರಂದು ಅವರು ಇನ್ನರ್ ಟೆಂಪಲ್ ಎಂಬ ನ್ಯಾಯವಾದಿಗಳ ಸಂಸ್ಥೆಗೆ ಸೇರಿದರು. ಆ ಕಾಲದ ಬ್ಯಾರಿಸ್ಟರ್ ಪದವಿಯ ಕ್ರಮವನ್ನು ತಿಳಿದರೆ ಇಂದಿನ ವಿದ್ಯಾರ್ಥಿಗಳು ಆಶ್ಚರ್ಯಪಡುವರು. ಮೂರು ವರ್ಷಗಳಿಗೆ ಸಮನಾದ ಹನ್ನೆರಡು ಅವಧಿಗಳನ್ನು ಪೂರೈಸಬೇಕು. ಪೂರೈಸುವುದೆಂದರೆ ಪ್ರತಿ ಅವಧಿಯಲ್ಲಿ ನಡೆಯುವ ಸುಮಾರು ಇಪ್ಪತ್ತನಾಲ್ಕು ಭೋಜನಕೂಟಗಳಲ್ಲಿ ಕನಿಷ್ಠ ಆರಕ್ಕೆ ಹಾಜರಾಗುವುದು. ನಾಲ್ವರ ಒಂದೊಂದು ಪಂಕ್ತಿಗೆ ಎರಡು ಸೀಸೆ ದ್ರಾಕ್ಷಾರಸವನ್ನು ಕೊಡುತ್ತಿದ್ದರು. ಕುಡಿಯದ ಗಾಂಧಿಯನ್ನು ತಮ್ಮ ಪಂಕ್ತಿಗೆ ಸೇರಿಸಿಕೊಳ್ಳಲು ಉಳಿದವರಲ್ಲಿ ಪೈಪೋಟಿಯಿತ್ತಂತೆ. ಆಗ ಮೂವರಿಗೇ ಎರಡು ಸೀಸೆ! ಪರೀಕ್ಷೆಗಳೂ ಕಠಿಣವಲ್ಲ. ರೋಮನ್ ಕಾನೂನಿನ ಪರೀಕ್ಷೆಯಲ್ಲಿ ನೂರಕ್ಕೆ 95ರಿಂದ 99 ಮಂದಿ, ಅಂತಿಮ ಪರೀಕ್ಷೆಯಲ್ಲಿ 75 ಅಥವಾ ಅದಕ್ಕೂ ಹೆಚ್ಚು ಮಂದಿ ಉತ್ತೀರ್ಣರಾಗುತ್ತಿದ್ದರೆಂದು ಅವರು ಬರೆದಿದ್ದಾರೆ. ಮೊದಲನೆಯದಕ್ಕೆ ಎರಡು ವಾರ, ಎರಡನೆಯದಕ್ಕೆ ಎರಡು ಮೂರು ತಿಂಗಳು ಟಿಪ್ಪಣಿಗಳನ್ನು ಉರು ಹಾಕಿದರೆ ಸಾಕಿತ್ತು. ಮೂಲಗ್ರಂಥಗಳನ್ನು ಓದುವವರು ವಿರಳ.

ಎಂದರೆ, ಆ ವಿದ್ಯಾರ್ಥಿಯ ಮುಂದೆ ಸುಮಾರು ಮೂರು ವರ್ಷಗಳ ಬಿಡುವು ಇತ್ತು. ಕೇಳುವವರಿಲ್ಲ, ಹೇಳುವವರಿಲ್ಲ, ಊರಿನಿಂದ ಹಣ ಬರುತ್ತಿದೆ, ಜಗತ್ತಿನ ಅತಿ ದೊಡ್ಡ ನಗರ ಸುತ್ತಲೂ ಹರಡಿಕೊಂಡಿದೆ.

ಮೊದಲ ಕೆಲವು ತಿಂಗಳುಗಳಲ್ಲಿ ಆ ಬಂಡವಾಳ ವ್ಯರ್ಥವಾಗಿಯೇ ಹೋಯಿತು. ಸಸ್ಯಾಹಾರಿಯೆಂದು ಹಾಸ್ಯಕ್ಕೊಳಗಾಗುತ್ತಿದ್ದ ತರುಣ, ಆ ಕೊರತೆಯನ್ನು ತುಂಬಲು ಆಂಗ್ಲ ಸಭ್ಯಗೃಹಸ್ಥನಾಗಲು ಹೊರಟನು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ತೆತ್ತು ಸಂಜೆಯ ಉಡುಪು, ಹತ್ತೊಂಬತ್ತು ಶಿಲ್ಲಿಂಗಿನ ಎತ್ತರದ ಟೋಪಿ, ಅಣ್ಣನಿಂದ ತರಿಸಿಕೊಂಡ ಚಿನ್ನದ ಎರಡೆಳೆ ಗಡಿಯಾರದ ಸರ. ದಿನವೂ ದೊಡ್ಡ ಕನ್ನಡಿಯ ಮುಂದೆ ಟೈ ಕಟ್ಟಿ ಕೂದಲು ಬಾಚಲು ಹತ್ತು ನಿಮಿಷ. ಮೂರು ಪೌಂಡು ಕಟ್ಟಿ ನೃತ್ಯದ ತರಗತಿ. ತಾಳ ಹಿಡಿಯಲು ಬಾರದೆ ಹೋದಾಗ ಕಿವಿಯನ್ನು ಪಳಗಿಸಲೆಂದು ಮತ್ತೆ ಮೂರು ಪೌಂಡಿನ ಪಿಟೀಲು. ಭಾಷಣಕಲೆ ಕಲಿಸುವವರಿಗೆ ಒಂದು ಗಿನಿ. ಈ ಹುಚ್ಚು ಸುಮಾರು ಮೂರು ತಿಂಗಳು ನಡೆಯಿತು. ತಾನು ಜೀವನವಿಡೀ ಇಂಗ್ಲೆಂಡಿನಲ್ಲಿ ಇರುವವನಲ್ಲ, ತಾನು ಬಂದದ್ದು ವಿದ್ಯಾರ್ಥಿಯಾಗಿ ಎಂಬ ಅರಿವು ಒಂದು ದಿನ ಮೂಡಿತು. ಪಾಠಗಳನ್ನು ನಿಲ್ಲಿಸಿ ಪತ್ರ ಬರೆದರು. ಪಿಟೀಲನ್ನು ಬಂದ ಬೆಲೆಗೆ ಮಾರಿಸಿದರು.

ಅವರನ್ನು ಎಚ್ಚರಿಸಿದ್ದು ಯಾವುದು? ನನಗೆ ತೋರುವಂತೆ ಉತ್ತರ ಅವರ ಲೆಕ್ಕದ ಪುಸ್ತಕದಲ್ಲಿದೆ. ಈ ಮೋಹದ ದಿನಗಳಲ್ಲಿಯೂ ಅವರು ಒಂದೊಂದು ಕಾಸಿನ ಲೆಕ್ಕವನ್ನು ಬರೆದಿಟ್ಟಿದ್ದರು. ಕುದುರೆಬಂಡಿಯ ಬಾಡಿಗೆ, ಅಂಚೆಯ ಖರ್ಚು, ಪತ್ರಿಕೆಗೆ ಕೊಟ್ಟ ಬಿಡಿಗಾಸು ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಪ್ರತಿ ರಾತ್ರಿ ಮಲಗುವ ಮುನ್ನ ಶಿಲ್ಕು ತೆಗೆಯುತ್ತಿದ್ದರು. ಬರೆಯುವ ಕೈ ದಿನವೂ ತಪ್ಪನ್ನು ಕಣ್ಣಿಗೆ ತೋರಿಸುತ್ತಿರುವಾಗ ಮನಸ್ಸು ಎಷ್ಟು ಕಾಲ ತನ್ನನ್ನು ತಾನು ವಂಚಿಸಿಕೊಂಡೀತು? ನಮ್ಮಲ್ಲಿ ಶ್ರಾವಕನು ಸಂಜೆ ಪ್ರತಿಕ್ರಮಣಕ್ಕೆ ಕುಳಿತು ದಿನದ ನಡೆ-ನುಡಿಗಳನ್ನು ತಾನೇ ಪರಿಶೀಲಿಸಿಕೊಳ್ಳುವ ಕ್ರಮವುಂಟು. ಗಾಂಧಿ ಅದನ್ನು ಆಚರಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ದಿನದ ಕೊನೆಯಲ್ಲಿ ತನಗೆ ತಾನೇ ಲೆಕ್ಕ ಒಪ್ಪಿಸುವ ಆ ಅಭ್ಯಾಸದ ತಿರುಳು ಎರಡರಲ್ಲಿಯೂ ಒಂದೇ.

ಇನ್ನು ಸ್ವಂತ ಪ್ರಯತ್ನದ ವಿಷಯ. ಬ್ಯಾರಿಸ್ಟರ್ ಪರೀಕ್ಷೆಗೆ ಹೆಚ್ಚು ಓದಬೇಕಾಗಿಲ್ಲವೆಂದು ಕಂಡ ಮೇಲೆ, ತಮ್ಮ ಇಂಗ್ಲಿಷಿನ ದೌರ್ಬಲ್ಯ ಅವರನ್ನು ಬಾಧಿಸತೊಡಗಿತು. ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ಸೇರಲು ಹಣವೂ ಸಾಲದು, ಕಾಲವೂ ಸಾಲದು. ಕಠಿಣ ಪರೀಕ್ಷೆಯೊಂದರ ತೃಪ್ತಿ ಬೇಕಾದರೆ ಲಂಡನ್ ಮೆಟ್ರಿಕ್ಯುಲೇಶನ್‌ಗೆ ಕುಳಿತುಕೊಳ್ಳುವಂತೆ ಸ್ನೇಹಿತರೊಬ್ಬರು ಸೂಚಿಸಿದರು. ಲ್ಯಾಟಿನ್ ಕಡ್ಡಾಯ; ಜೊತೆಗೆ ಇನ್ನೊಂದು ಆಧುನಿಕ ಭಾಷೆ. ಯಾರೂ ಅದನ್ನು ಅವರ ಮೇಲೆ ಹೇರಿರಲಿಲ್ಲ. ಅದಿಲ್ಲದೆಯೂ ಪದವಿ ಸಿಗುತ್ತಿತ್ತು. ಆದರೂ ಖಾಸಗಿ ತರಗತಿಗೆ ಸೇರಿದರು. ಪರೀಕ್ಷೆಗೆ ಉಳಿದಿದ್ದುದು ಐದೇ ತಿಂಗಳು. ನಿಮಿಷ ನಿಮಿಷಕ್ಕೂ ವೇಳಾಪಟ್ಟಿ ಹಾಕಿಕೊಂಡು ಓದಿದರು. 1890ರ ಜನವರಿಯಲ್ಲಿ ಪರೀಕ್ಷೆ ಬರೆದು ಲ್ಯಾಟಿನ್‌ನಲ್ಲಿ ಅನುತ್ತೀರ್ಣರಾದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಕಾಲದ ಸದುಪಯೋಗವೆಂದರೆ ವೇಳಾಪಟ್ಟಿಯೆಂದೇ ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಮಕ್ಕಳ ಕೋಣೆಯ ಗೋಡೆಗೆ ಅದನ್ನು ಅಂಟಿಸಿ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ನಿಮಿಷಗಳನ್ನೂ ಎಣಿಸಿ ಹಾಕಿದ ಪಟ್ಟಿ ಗಾಂಧಿಯವರ ಕೈ ಹಿಡಿಯಲಿಲ್ಲ. ಸೋಲಿನ ನಂತರ ಅವರು ಏನು ಮಾಡಿದರೆಂಬುದೇ ಈ ಮೂರು ವರ್ಷಗಳ ಮುಖ್ಯ ಪಾಠ.

ವಿಜ್ಞಾನದಲ್ಲಿ ರಸಾಯನಶಾಸ್ತ್ರವನ್ನು ಬಿಟ್ಟು, ಸುಲಭವೆಂದು ಹೆಸರಾದ ಶಾಖ ಮತ್ತು ಬೆಳಕು ಎಂಬ ವಿಷಯವನ್ನು ಆರಿಸಿಕೊಂಡರು. ಇದು ಸಣ್ಣ ಬದಲಾವಣೆ. ದೊಡ್ಡ ಬದಲಾವಣೆ ನಡೆದದ್ದು ಅವರ ಜೀವನಕ್ರಮದಲ್ಲಿ. ಕುಟುಂಬವೊಂದರ ಜೊತೆಗಿನ ವಾಸವನ್ನು ಅವರು ಈ ಮೊದಲೇ ಬಿಟ್ಟಿದ್ದರು. ಅಲ್ಲಿ ವಾರದ ಬಿಲ್ಲಿನ ಜೊತೆಗೆ ಔತಣ, ಭೇಟಿ, ಬಂಡಿ ಬಾಡಿಗೆಗಳ ಉಪಚಾರದ ಖರ್ಚೂ ಇತ್ತು. ಹೋಗಬೇಕಾದ ಸ್ಥಳವನ್ನು ಅರ್ಧ ಗಂಟೆಯಲ್ಲಿ ನಡೆದು ತಲುಪುವಂತಹ ಕಡೆ ಕೋಣೆಗಳನ್ನು ಹಿಡಿದು, ದಿನಕ್ಕೆ ಎಂಟು ಹತ್ತು ಮೈಲಿ ನಡೆಯತೊಡಗಿದ್ದರು. ಬಂಡಿಯ ಬಾಡಿಗೆ ಉಳಿಯಿತು, ವ್ಯಾಯಾಮವೂ ಆಯಿತು. ಇಂಗ್ಲೆಂಡಿನಲ್ಲಿ ಇದ್ದಷ್ಟು ದಿನ ಕಾಯಿಲೆ ಬೀಳದಿರಲು ಈ ನಡಿಗೆಯೇ ಮುಖ್ಯ ಕಾರಣವೆಂದು ಅವರ ನಂಬಿಕೆ. ಎರಡನೆಯ ಬಾರಿ ಪರೀಕ್ಷೆಗೆ ಸಿದ್ಧರಾಗುವಾಗ ಅಷ್ಟೂ ಸಾಲದೆನಿಸಿತು. ಕಷ್ಟದಲ್ಲಿ ಹಣ ಹೊಂದಿಸಿ ಕಳುಹಿಸುತ್ತಿದ್ದ ಅಣ್ಣನ ನೆನಪು ಚುಚ್ಚಿತು. ಎರಡು ಕೋಣೆಗಳಿಗೆ ಬದಲು ಒಂದನ್ನೇ ಇಟ್ಟುಕೊಂಡು, ಒಂದು ಒಲೆ ಕೊಂಡು, ಬೆಳಿಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ರಾತ್ರಿ ಬ್ರೆಡ್ಡು ಮತ್ತು ಕೋಕೋ ತಾವೇ ಸಿದ್ಧಪಡಿಸಿಕೊಂಡರು. ಮಧ್ಯಾಹ್ನ ಮಾತ್ರ ಹೊರಗೆ ಊಟ. ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್‌ನಲ್ಲಿ ಜೀವನ ನಡೆಯಿತು.

ವರ್ತಕನಾದ ನನಗೆ ಇಲ್ಲಿ ಲೆಕ್ಕ ಹಾಕದೆ ಇರಲಾಗುವುದಿಲ್ಲ. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್, ಶಿಲ್ಲಿಂಗಿಗೆ ಹನ್ನೆರಡು ಪೆನ್ಸ್. ಆ ಹತ್ತು ಪೌಂಡಿನ ಒಂದು ಉಡುಪಿನ ಬೆಲೆಯಲ್ಲಿ, ಒಂದು ಶಿಲ್ಲಿಂಗ್ ಮೂರು ಪೆನ್ಸ್‌ನ ದರದಂತೆ 160 ದಿನ ಬಾಳಬಹುದಿತ್ತು. ಕನ್ನಡಿಯ ಮುಂದಿನ ಹತ್ತು ನಿಮಿಷವನ್ನು ವರ್ಷಕ್ಕೆ ಕೂಡಿದರೆ ಅರುವತ್ತು ಗಂಟೆಗಳಾಗುತ್ತವೆ. ಹಣದ ಲೆಕ್ಕವೂ ಕಾಲದ ಲೆಕ್ಕವೂ ಒಂದೇ ಪುಸ್ತಕದ ಎರಡು ಪುಟಗಳು.

ಅವರು 1890ರ ಜೂನ್‌ನಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಈ ಬಾರಿಯ ಗೆಲುವಿಗೆ ಹಿಂದಿನ ಓದಿನ ತಳಹದಿಯೂ ನೆರವಾಗಿರಬೇಕು. ಆದರೆ ಬದುಕನ್ನು ಹಗುರ ಮಾಡಿಕೊಂಡುದರಿಂದ ಓದಿಗೆ ಹೆಚ್ಚು ಕಾಲ ದೊರೆಯಿತೆಂದು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಆ ಸರಳತೆಯಿಂದ ಜೀವನ ನೀರಸವಾಗಲಿಲ್ಲ, ಒಳಗೂ ಹೊರಗೂ ಸಾಮರಸ್ಯ ಮೂಡಿತೆಂದೂ ಸೇರಿಸಿದ್ದಾರೆ. ವೇಳಾಪಟ್ಟಿಯು ಇರುವ ಕಾಲವನ್ನು ಹಂಚುತ್ತದೆ, ಅಷ್ಟೆ. ಇಲ್ಲದ ಕಾಲವನ್ನು ಅದು ಎಲ್ಲಿಂದ ತಂದೀತು? ಕಾಲವನ್ನು ಹುಟ್ಟಿಸುವುದು ಪರಿಗ್ರಹದ ಪರಿಮಾಣ. ಶ್ರಾವಕರಿಗೆ ಹೇಳಿರುವ ಐದು ಅಣುವ್ರತಗಳಲ್ಲಿ ಕೊನೆಯದಾದ ಇದನ್ನು ನಾವು ಹೊಲ-ಮನೆ, ಬೆಳ್ಳಿ-ಬಂಗಾರಗಳಿಗೆ ಅನ್ವಯಿಸುತ್ತೇವೆ. ಪ್ರತಿಯೊಂದು ವಸ್ತುವೂ, ಪ್ರತಿಯೊಂದು ಹವ್ಯಾಸವೂ ನಮ್ಮಿಂದ ಬೆಲೆಯ ಜೊತೆಗೆ ವೇಳೆಯನ್ನೂ ಕೇಳುತ್ತದೆಂಬುದನ್ನು ವಿದ್ಯಾರ್ಥಿಯ ಕೋಣೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಾರೆವು.

ಹೀಗೆ ಉಳಿದ ಕಾಲದಲ್ಲಿ ಅವರು ಮಾಡಿದ್ದನ್ನು ನೋಡೋಣ. ಟಿಪ್ಪಣಿಗಳಿಂದ ಪಾಸಾಗುವುದು ವಂಚನೆಯೆನಿಸಿ, ಪಠ್ಯಗ್ರಂಥಗಳನ್ನೆಲ್ಲ ಕೊಂಡು ಓದಿದರು. ರೋಮನ್ ಕಾನೂನನ್ನು ಲ್ಯಾಟಿನ್‌ನಲ್ಲಿಯೇ ಓದಿದರು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಗ್ರಂಥಗಳಿಗೆ ಒಂಬತ್ತು ತಿಂಗಳು ಹಿಡಿಯಿತು. ಭಾರತದಲ್ಲಿ ವೃತ್ತಪತ್ರಿಕೆಯನ್ನೇ ಓದಿರದಿದ್ದವರು ದಿನವೂ ಸುಮಾರು ಒಂದು ಗಂಟೆ ಮೂರು ಪತ್ರಿಕೆಗಳನ್ನು ನೋಡತೊಡಗಿದರು. ಇಬ್ಬರು ಥಿಯಾಸಫಿಸ್ಟ್ ಸ್ನೇಹಿತರ ಜೊತೆ ಮೊದಲ ಬಾರಿಗೆ ಭಗವದ್ಗೀತೆಯನ್ನು ಓದಿದರು. 1890ರಲ್ಲಿ ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದರು. 1891ರಲ್ಲಿ ಅದರ ಪತ್ರಿಕೆಗೆ ಲೇಖನಗಳನ್ನು ಬರೆದರು. ತಾವಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಸಸ್ಯಾಹಾರಿಗಳ ಕೂಟವೊಂದನ್ನು ಕಟ್ಟಿ ಕಾರ್ಯದರ್ಶಿಯಾದರು. ಕೆಲವೇ ತಿಂಗಳು ಬಾಳಿದ ಆ ಸಣ್ಣ ಕೂಟದಲ್ಲಿ ಸಂಸ್ಥೆಗಳನ್ನು ಕಟ್ಟಿ ನಡೆಸುವ ಮೊದಲ ಅನುಭವ ದೊರೆಯಿತೆಂದು ಅವರು ನೆನೆದಿದ್ದಾರೆ. ತಾಯಿಗೆ ಕೊಟ್ಟ ಮಾತು ಮೊದಲಿಗೆ ಅವರನ್ನು ಅರೆಹೊಟ್ಟೆಯಲ್ಲಿಟ್ಟಿತು. ಅದೇ ಮಾತು ಕೊನೆಗೆ ಅವರಿಗೆ ಸ್ನೇಹಿತರನ್ನೂ ಸಾರ್ವಜನಿಕ ಕಾರ್ಯವನ್ನೂ ಒದಗಿಸಿತು.

ಇಷ್ಟೆಲ್ಲ ಆದ ಮೇಲೆ ಫಲವೇನೆಂದು ಕೇಳುವುದು ನ್ಯಾಯ. 1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ಪಡೆದು, 12ರಂದು ಊರಿಗೆ ಹೊರಟರು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿತು, ಮಾತು ಹೊರಡಲಿಲ್ಲ. ಪಡೆದಿದ್ದ ಮೂವತ್ತು ರೂಪಾಯಿ ಶುಲ್ಕವನ್ನು ಬಿಟ್ಟುಕೊಟ್ಟು ಹೊರಬಂದರು. ಲೌಕಿಕ ದೃಷ್ಟಿಯಿಂದ ನೋಡಿದರೆ ಮೂರು ವರ್ಷಗಳ ವ್ಯಾಪಾರ ನಷ್ಟದಲ್ಲಿ ಮುಗಿದಂತೆಯೇ ಕಾಣುತ್ತದೆ. ಅಂದಿನ ನೆಂಟರಿಷ್ಟರು ಹಾಗೆಯೇ ಭಾವಿಸಿದ್ದರೆ ಅಚ್ಚರಿಯಿಲ್ಲ.

ಲಾಭವು ಬೇರೆ ಖಾತೆಯಲ್ಲಿ ಜಮೆಯಾಗಿತ್ತು. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾದಾಗ ಅದರ ಕಾರ್ಯದರ್ಶಿಯಾದ ಗಾಂಧಿ ಪ್ರತಿ ಚಂದಾಹಣಕ್ಕೂ ರಸೀದಿ ಕೊಟ್ಟು, ಕಾಸು ಕಾಸಿನ ಲೆಕ್ಕವಿಟ್ಟರು. ಮೂರು ದಶಕಗಳ ನಂತರ ಆತ್ಮಕಥೆ ಬರೆಯುವಾಗ, 1894ರ ಆ ಲೆಕ್ಕದ ಪುಸ್ತಕಗಳು ಇಂದಿಗೂ ಸಿಗುವುವೆಂದು ಹೇಳುವ ಧೈರ್ಯ ಅವರಿಗಿತ್ತು. ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿ ತಮ್ಮ ಕೈಯಲ್ಲಿ ಸಾಲಕ್ಕೆ ಬೀಳದೆ ಸದಾ ಉಳಿತಾಯದಲ್ಲಿಯೇ ಇದ್ದುದಕ್ಕೆ ಲಂಡನ್ನಿನ ಆ ಅಭ್ಯಾಸವೇ ಕಾರಣವೆಂದು ಅವರು ಬರೆದಿದ್ದಾರೆ. ಕಾಲದ ವಿಷಯದಲ್ಲಿಯೂ ಹಾಗೆಯೇ. 1903ರ ಸುಮಾರಿಗೆ ಜೊಹಾನ್ಸ್‌ಬರ್ಗಿನಲ್ಲಿ ವಕೀಲಿ, ಸಾರ್ವಜನಿಕ ಕಾರ್ಯಗಳ ನಡುವೆ ಗೀತೆಯನ್ನು ಕಂಠಪಾಠ ಮಾಡಲು ಪುರುಸೊತ್ತು ಇರಲಿಲ್ಲ. ಹಲ್ಲುಜ್ಜುವ ಹದಿನೈದು ನಿಮಿಷ, ಸ್ನಾನದ ಇಪ್ಪತ್ತು ನಿಮಿಷ ಎಂದು ಅವರು ಲೆಕ್ಕ ಹಾಕಿದರು. ಶ್ಲೋಕಗಳನ್ನು ಚೀಟಿಯಲ್ಲಿ ಬರೆದು ಎದುರಿನ ಗೋಡೆಗೆ ಅಂಟಿಸಿ, ಹಲ್ಲುಜ್ಜುತ್ತಲೇ ಹದಿಮೂರು ಅಧ್ಯಾಯಗಳನ್ನು ಬಾಯಿಪಾಠ ಮಾಡಿದರು. ಒಮ್ಮೆ ಕನ್ನಡಿಯ ಮುಂದೆ ಹೋಗುತ್ತಿದ್ದ ಹತ್ತು ನಿಮಿಷ ಹೀಗೆ ಮರಳಿ ಬಂದಿತ್ತು.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. 1891ರಲ್ಲಿ ಮುಂಬಯಿಗೆ ಬಂದಿಳಿದ ದಿನವೇ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಗಾಂಧಿಯವರಿಗೆ ರಾಯಚಂದಭಾಯಿಯವರ ಪರಿಚಯವಾಯಿತು. ನಾವು ಶ್ರೀಮದ್ ರಾಜಚಂದ್ರರೆಂದು ಗೌರವಿಸುವ ಈ ಶತಾವಧಾನಿಗಳು 1867ರಲ್ಲಿ ಜನಿಸಿ 1901ರಲ್ಲಿ ದೇಹಬಿಟ್ಟವರು. ಗಾಂಧಿಗಿಂತ ಎರಡೇ ವರ್ಷ ಹಿರಿಯರು. ಮುತ್ತು-ವಜ್ರಗಳ ವ್ಯಾಪಾರ ಅವರದು. ಲಕ್ಷಗಳ ವ್ಯವಹಾರದ ಮಾತು ಮುಗಿದೊಡನೆಯೇ ಗಾದಿಯ ಮೇಲೆ ಧರ್ಮಗ್ರಂಥವನ್ನೋ ತಮ್ಮ ಆತ್ಮಚಿಂತನೆಯ ಪುಸ್ತಕವನ್ನೋ ತೆರೆಯುತ್ತಿದ್ದುದನ್ನು ಗಾಂಧಿ ಬಹುಬಾರಿ ಕಣ್ಣಾರೆ ಕಂಡರು. ಪುರುಸೊತ್ತಿಲ್ಲವೆಂದು ಹೇಳುವ ವರ್ತಕರಾದ ನಾವು ಈ ಚಿತ್ರವನ್ನು ಮರೆಯಬಾರದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕರ್ಮಬಂಧದ ಐದು ಕಾರಣಗಳನ್ನು ಎಣಿಸುವಾಗ ಪ್ರಮಾದವನ್ನೂ ಸೇರಿಸಿದ್ದಾರೆ. ಎಚ್ಚರ ತಪ್ಪುವುದು ಬರಿಯ ಅಶಿಸ್ತಲ್ಲ, ಅದು ಬಂಧನವೆಂಬುದು ನಮ್ಮ ಆಚಾರ್ಯರ ದೃಷ್ಟಿ.

ಇಂದು ನಮ್ಮ ಸಣ್ಣ ಊರುಗಳ ಎಷ್ಟೋ ಮನೆಗಳಲ್ಲಿ ತಂದೆ ಸಾಲ ಮಾಡಿ, ತಾಯಿ ಬಳೆ ಒತ್ತೆಯಿಟ್ಟು ಮಕ್ಕಳನ್ನು ಬೆಂಗಳೂರು, ಹುಬ್ಬಳ್ಳಿ, ಪುಣೆಗಳಿಗೆ ಓದಲು ಕಳುಹಿಸುತ್ತಿದ್ದಾರೆ. ಅಲ್ಲಿ ಆ ಮಗುವಿನ ಕೈಯಲ್ಲಿರುವ ಮೊಬೈಲು, ಅಂದಿನ ಲಂಡನ್ನಿನ ಬೀದಿಗಳಿಗಿಂತ ಹೆಚ್ಚು ಆಕರ್ಷಣೆಗಳನ್ನು ಅಂಗೈಗೇ ತಂದುಕೊಡುತ್ತದೆ. ಗಂಟೆಗೊಮ್ಮೆ ಕರೆ ಮಾಡಿ ವಿಚಾರಿಸುವುದರಿಂದ ಅದನ್ನು ತಡೆಯಲಾಗದು. ಮುಂಬಯಿಯ ಆ ಸಭೆಯ ದಂಡದಂತೆ ನಮ್ಮ ಕಾವಲೂ ಬಸ್ ನಿಲ್ದಾಣದಲ್ಲಿಯೇ ಮುಗಿಯುತ್ತದೆ. ಬೇಚರಜೀ ಸ್ವಾಮಿಗಳು ಮಾಡಿದಂತೆ, ತಾನೇ ಒಪ್ಪಿ ಸ್ವೀಕರಿಸುವ ಒಂದೆರಡು ನಿಯಮಗಳನ್ನು ಕೊಟ್ಟು ನಂಬಿಕೆಯಿಂದ ಬೀಳ್ಕೊಡುವುದೇ ಹಿರಿಯರಿಗೆ ಉಳಿದಿರುವ ಮಾರ್ಗ.

ಉಳಿದುದು ವಿದ್ಯಾರ್ಥಿಗಳದೇ ಕೆಲಸ. ಅವರಿಗೆ ನನ್ನದೊಂದು ಸಣ್ಣ ಬಿನ್ನಹ: ನಾಲ್ಕಾಣೆಯ ಬೆಲೆಯಿಲ್ಲದ ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಿರಿ. ಎಡಪುಟದಲ್ಲಿ ಆ ದಿನ ಹೋದ ಹಣವನ್ನು, ಬಲಪುಟದಲ್ಲಿ ಆ ದಿನ ಹೋದ ಗಂಟೆಗಳನ್ನು ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ. ಎಲ್ಲಿಯಾದರೂ ತಾಳೆ ತಪ್ಪಿದರೆ ವೇಳಾಪಟ್ಟಿಯನ್ನು ಬಿಗಿಗೊಳಿಸುವ ಮೊದಲು, ಬದುಕಿನಿಂದ ಒಂದು ಹೊರೆಯನ್ನು ಇಳಿಸಿ ನೋಡಿರಿ. ಸುಳ್ಳು ಲೆಕ್ಕ ಬರೆಯದಿದ್ದರೆ ಸಾಕು. ಶಿಲ್ಕು ತಾನೇ ಮಾತನಾಡುತ್ತದೆ.